ಒಂದು ಅಂಕ ಸಾಲದೆ ಹೋದ ರೊಡೆಲ್‌ನ ಪರವಾಗಿ ಅಂಕಗಣಕ ಯಂತ್ರದವರಿಗೆ

ಸರ್ವಶ್ರೀ ಅಂಕಗಣಕ ಯಂತ್ರದವರ ದಿವ್ಯ ಪರದೆಯ ಸನ್ನಿಧಾನಕ್ಕೆ,
ವಲಸೆಯವರ ಜಾಲತಾಣ, ‘ನಿಮ್ಮ ಅಂಕ ತಿಳಿಯಿರಿ’ ಎಂಬ ನೀಲಿ ಗುಂಡಿಯ ಹಿಂದೆ.

ಮಾನ್ಯರೇ,

ನ್ಯೂಜಿಲೆಂಡಿನ ದಕ್ಷಿಣದ ಅಂಚಿನಲ್ಲಿ, ಇಲ್ಲಿಂದ ಮುಂದೆ ಪೆಂಗ್ವಿನ್‌ಗಳಷ್ಟೇ ಎಂದು ಜನ ತಮಾಷೆ ಮಾಡುವ ಸೌತ್‌ಲ್ಯಾಂಡ್ ಸೀಮೆಯ ಗ್ಲೆನ್‌ಕಾರಿ ಎಂಬ ಪುಟ್ಟ ಊರಿನ ಸಮಸ್ತ ಜನರ, ನಮ್ಮ ಹಿಂಡಿನ ಸಮಸ್ತ ಹಸುಗಳ ಹಾಗೂ ಬ್ರಿಗ್ ಎಂಬ ನಾಯಿಯ ನಮಸ್ಕಾರಗಳನ್ನು ತಾವು ಮೊದಲಿಗೆ ಸ್ವೀಕರಿಸಬೇಕಾಗಿ ಕೋರುತ್ತೇನೆ. ತಮಗೆ ಎಂದೂ ಕರೆಂಟು ಹೋಗದಿರಲಿ, ತಮ್ಮ ತಂತಿಗಳನ್ನು ಯಾವ ಇಲಿಯೂ ಕಡಿಯದಿರಲಿ, ತಮ್ಮನ್ನು ಆಗಾಗ ತಿದ್ದಿ ತೀಡಿ ಹೊಸ ಹೊಸ ನಿಯಮ ತುಂಬುವ ಮಹನೀಯರ ಬೆರಳುಗಳು ಹೀಗೆಯೇ ಚುರುಕಾಗಿರಲಿ ಎಂದು ಹಾರೈಸುತ್ತೇನೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆಯಾದರೂ, ತಾವು ಸತ್ಯವನ್ನೇ ನಮೂದಿಸಬೇಕೆಂದು ಪುಟಪುಟಕ್ಕೂ ಎಚ್ಚರಿಸುವುದರಿಂದ, ನಾವು ಅಷ್ಟೇನೂ ಚೆನ್ನಾಗಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ನನ್ನ ಹೆಸರು ಮೊರಾಗ್ ಡ್ರೈಸ್‌ಡೇಲ್. ಗಂಡ ಡಂಕನ್ ಮತ್ತು ನಾನು ಇಲ್ಲಿ ಹಾಲಿನ ಹಸು ಸಾಕಿಕೊಂಡಿದ್ದೇವೆ. ಸಿಟ್ಟು ಬಂದ ದಿನ ಅಲ್ಮೇರಾದಿಂದ ಒಳ್ಳೆಯ ಕಪ್‌-ಬಸಿಗಳನ್ನು ತೆಗೆದು ಚಹಾ ಕೊಡಬೇಕೆಂದು ನನ್ನ ತಾಯಿ ಕಲಿಸಿದ್ದಳು. ಆದ್ದರಿಂದ ಈ ಪತ್ರದ ವಿನಯವನ್ನು ತಾವು ಅದೇ ಅಲ್ಮೇರಾದ ಸಾಮಾನೆಂದು ತಿಳಿಯತಕ್ಕದ್ದು. ತಮ್ಮ ಮೇಲೆ ನನಗೆ ತುಂಬಾ ಸಿಟ್ಟಿದೆ.

ವಿಷಯವೇನೆಂದರೆ, ನಮ್ಮ ಹಿಂಡನ್ನು ನೋಡಿಕೊಳ್ಳುವವನು ರೊಡೆಲ್ ದಾಯೋತ್. ಫಿಲಿಪೀನ್ಸಿನ ಇಲೋಯಿಲೋದಿಂದ ಬಂದವನು. ಹೆಂಡತಿ ಮೆರ್ಲಿ, ಮಗಳು ಜಿಯಾ ಇಬ್ಬರೂ ಇಲ್ಲೇ, ನಮ್ಮ ಅಂಗಳದಾಚೆಯ ಮನೆಯಲ್ಲಿದ್ದಾರೆ. ಅವರ ಕೆಲಸದ ಪರವಾನಗಿ ಈ ಚಳಿಗಾಲದ ಕೊನೆಗೆ, ಹಸುಗಳು ಸಾಲುಸಾಲಾಗಿ ಕರು ಹಾಕುವ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ಕುಶಲ ಕೆಲಸಗಾರರಿಗೆಂದು ತಾವು ದಯಪಾಲಿಸುವ ನಿವಾಸ ವೀಸಾ ಸಿಕ್ಕರೆ ಅವರು ಇಲ್ಲೇ ಉಳಿಯುತ್ತಾರೆ. ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಅದಕ್ಕೆ ಬೇಕಾದ ಅಂಕ ಆರು. ತಾವು ರೊಡೆಲ್‌ಗೆ ಕೊಟ್ಟಿರುವುದು ಐದು.

ಐದು ಕೊಟ್ಟ ತಮ್ಮ ಧಾರಾಳತನವನ್ನು ನಾನು ಅಲ್ಲಗಳೆಯುತ್ತಿಲ್ಲ. ಹಿಂದೆ ಇದೇ ವೀಸಾಕ್ಕೆ ನೂರೆಂಬತ್ತು ಅಂಕ ಬೇಕಿದ್ದ ಕಾಲವೊಂದಿತ್ತು. ಆಮೇಲೆ ತಾವು ಒಂದು ಬೆಳಿಗ್ಗೆ ನಿದ್ದೆ ತಿಳಿದೆದ್ದು ಇನ್ನು ಮುಂದೆ ಆರು ಸಾಕು ಎಂದಿರಿ. ನೂರೆಂಬತ್ತರಿಂದ ಆರಕ್ಕೆ! ಇಷ್ಟು ದೊಡ್ಡ ರಿಯಾಯಿತಿಯನ್ನು ನಮ್ಮ ಊರಿನ ಗಂಬೂಟಿನ ಅಂಗಡಿಯವನೂ ಯಾವತ್ತೂ ಕೊಟ್ಟವನಲ್ಲ. ರೊಡೆಲ್ ಊರಿನ ಹಾಲ್‌ನಲ್ಲಿ ಇಡೀ ಹಂದಿಯನ್ನೇ ಸುಟ್ಟು ಎಲ್ಲರಿಗೂ ಬಡಿಸಿದ, ಮೆರ್ಲಿ ತನ್ನ ಹಾಡುವ ಯಂತ್ರವನ್ನು ತಂದು ಜೋಡಿಸಿದಳು, ಉಪದೇಶ ಬಿಟ್ಟರೆ ಎಂದೂ ಬಾಯಿ ಬಿಡದ ನಮ್ಮ ಪಾದ್ರಿಗಳು ಮೈಕು ಹಿಡಿದು ಎರಡು ಹಾಡು ಹಾಡಿಬಿಟ್ಟರು. ಹಂದಿ ಮುಗಿದ ಮೇಲೆ ಯಾರೋ ಹೊಸ ನಿಯಮವನ್ನು ಪೂರ್ತಿ ಓದಿದರು. ಹಳೆಯ ನೂರೆಂಬತ್ತಿನಲ್ಲಿ ಚಿಲ್ಲರೆ ಅಂಕಗಳನ್ನು ಅಲ್ಲಲ್ಲಿ ಆಯ್ದುಕೊಳ್ಳಬಹುದಿತ್ತು, ಹೊಸ ಆರರಲ್ಲಿ ಒಂದೊಂದೂ ಇಡೀ ಬಂಡೆಯಂತೆ ಕೂತಿದೆ ಎಂದು ಆಗ ತಿಳಿಯಿತು. ತಿಂದ ಹಂದಿಯನ್ನು ಹಿಂದಿರುಗಿಸುವ ಹಾಗಿರಲಿಲ್ಲ.

ಆದರೂ ನಾವು ಎದೆಗುಂದಲಿಲ್ಲ. ಯಾಕೆಂದರೆ ತಾವು ಒಂದೆಡೆ ನಿಲ್ಲುವ ಸ್ವಭಾವದವರಲ್ಲ. ಸ್ವಲ್ಪ ತಾಳಿದರೆ ಮತ್ತೆ ಬದಲಾಗುತ್ತೀರಿ ಎಂಬ ನಂಬಿಕೆ ನಮಗೆ ಇದ್ದೇ ಇತ್ತು. ತಾವು ನಂಬಿಕೆ ಉಳಿಸಿಕೊಂಡಿರಿ. ಕಳೆದ ತಿದ್ದುಪಡಿಯಲ್ಲಿ ಒಂದು ಹೊಸ ಸಾಲು ಬಂತು: ಕೆಲಸ ಕೊಟ್ಟವನು ತನ್ನ ಕೆಲಸಗಾರನ ಕುಶಲತೆಯ ಬಗ್ಗೆ ತನ್ನದೇ ಮಾತಿನಲ್ಲಿ ಬರೆದುಕೊಟ್ಟರೆ, ಆ ಮಾತಿನ ತೂಕ ನೋಡಿ ಒಂದು ಅಂಕ. ಒಂದೇ ಒಂದು ಅಂಕ! ನಮಗೆ ಬೇಕಿದ್ದದ್ದೂ ಅಷ್ಟೇ. ನಾನು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಮೆರ್ಲಿ ಬಂದು ನನ್ನ ಜೊತೆ ಸೇರಿಕೊಂಡಳು. ಅಂಕವೊಂದನ್ನು ತಂದುಕೊಡುವ ಹೊಣೆ ನನ್ನ ಗಂಡನ ಬಾಯಿಯ ಮೇಲೆ ಬಿದ್ದಿದೆ ಎಂಬುದು ಕುಣಿತ ಮುಗಿದ ಮೇಲೆ ಹೊಳೆಯಿತು.

ಇಲ್ಲಿ ತಮಗೆ ನಮ್ಮ ಸೀಮೆಯ ಒಂದು ಪದ್ಧತಿಯನ್ನು ವಿನಮ್ರವಾಗಿ ತಿಳಿಸಬೇಕಾಗಿದೆ. ನಾವು ಹೊಗಳುವುದಿಲ್ಲ. ಹೊಗಳಬಾರದೆಂದು ಕಾನೂನೇನೂ ಇಲ್ಲ. ಊಟದ ಮೇಜಿನ ಮೇಲೆ ಬೂಟು ಇಡುವುದಿಲ್ಲವಲ್ಲ, ಹಾಗೆ. ನಮ್ಮಲ್ಲಿ ಒಬ್ಬ ಏನೂ ಹೇಳದಿದ್ದರೆ ಕೆಲಸ ಚೆನ್ನಾಗಿದೆ ಎಂದು ಅರ್ಥ, ಹೂಂ ಎಂದರೆ ಬಹಳ ಚೆನ್ನಾಗಿದೆ ಎಂದು ಅರ್ಥ. ‘ಪರವಾಗಿಲ್ಲ’ ಎಂಬ ಮಾತಂತೂ ನಮ್ಮ ಪಾಲಿಗೆ ಚಿನ್ನದ ಪದಕ. ಅದನ್ನು ಹಲವರು ಪಡೆಯದೆಯೇ ಸಾಯುತ್ತಾರೆ. ನನ್ನ ಮದುವೆಯ ದಿನ ಬಿಳಿ ಗೌನು ತೊಟ್ಟು ಚರ್ಚಿನ ಬಾಗಿಲಲ್ಲಿ ನಿಂತಾಗ ಡಂಕನ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಮಳೆ ಬರ್ಲಿಲ್ಲ ಸದ್ಯ” ಎಂದಿದ್ದ. ಅದನ್ನು ನಾನು ಈಗಲೂ ಪ್ರೇಮದ ಮಾತೆಂದೇ ಇಟ್ಟುಕೊಂಡಿದ್ದೇನೆ.

ಇಂಥ ಡಂಕನ್, ರೊಡೆಲ್ ಬಂದ ಎರಡನೆಯ ಚಳಿಗಾಲದಲ್ಲಿ, ಹಿಮದ ಚೂರು ಮುಖಕ್ಕೆ ರಾಚುತ್ತಿದ್ದ ಒಂದು ಮುಂಜಾನೆ, ಹಸುವಿನ ಹೊಟ್ಟೆಯೊಳಗೆ ಅಡ್ಡ ತಿರುಗಿಕೊಂಡಿದ್ದ ಕರುವನ್ನು ರೊಡೆಲ್ ತೋಳು ಇಳಿಸಿ, ಹಸುವಿನ ಕಿವಿಯಲ್ಲಿ ತನ್ನ ಭಾಷೆಯಲ್ಲಿ ಏನೋ ಗುನುಗುತ್ತಾ, ನಿಧಾನವಾಗಿ ತಿರುಗಿಸಿ ಜೀವಂತವಾಗಿ ಹೊರಗೆ ತೆಗೆದದ್ದನ್ನು ನೋಡಿ, ಟೋಪಿ ಸರಿಪಡಿಸಿಕೊಂಡು, “ಪರ್ವಾಗಿಲ್ಲ” ಎಂದನಂತೆ. ರೊಡೆಲ್‌ಗೆ ಆಗಲೇ ನಮ್ಮ ಸೀಮೆಯ ರೀತಿ ಅರ್ಥವಾಗಿತ್ತು. ಮನೆಗೆ ಓಡಿಹೋಗಿ ಹೆಂಡತಿಗೆ ಹೇಳಿದ. ಮೆರ್ಲಿ ಸಂಭ್ರಮಕ್ಕೆ ಉದ್ದದ ಶ್ಯಾವಿಗೆ ಮಾಡಿ ನಮಗೂ ಒಂದು ಪಾತ್ರೆ ಕಳಿಸಿದಳು. ಶ್ಯಾವಿಗೆ ಬಾಯಿಗಿಡುತ್ತಾ ನನಗೆ ಎಷ್ಟು ಹೊಟ್ಟೆಕಿಚ್ಚಾಯಿತೆಂದರೆ, ಎರಡು ದಿನ ಡಂಕನ್‌ನ ಮುಖ ನೋಡಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಆ ಮಾತು ಒಂದು ಸಲವೂ ಸಿಕ್ಕಿರಲಿಲ್ಲ.

ಆದ್ದರಿಂದ ತಮ್ಮ ಆ ಒಂದು ಅಂಕಕ್ಕಾಗಿ ಡಂಕನ್ ಬರೆಯಲು ಕೂತಾಗ ಅವನಿಗೆ ರೊಡೆಲ್‌ನ ಮೇಲಿದ್ದ ಗೌರವ ಎಷ್ಟೆಂದು ತಾವೇ ಊಹಿಸಿಕೊಳ್ಳಬಹುದು. ಮಧ್ಯಾಹ್ನವೆಲ್ಲ ಬಾಗಿಲು ಹಾಕಿಕೊಂಡು ಬರೆದ. ಹೊರಗೆ ಬಂದಾಗ ಕಿವಿ ಕೆಂಪಾಗಿತ್ತು. ಪತ್ರದಲ್ಲಿದ್ದದ್ದು ಇಷ್ಟು: ‘ರೊಡೆಲ್ ದಾಯೋತ್ ನಮ್ಮಲ್ಲಿ ಕೆಲಸಕ್ಕಿದ್ದಾನೆ. ಪರವಾಗಿಲ್ಲ. ಹಸುಗಳಿಗೂ ಅಡ್ಡಿಯಿಲ್ಲ.’

“ಜಾಸ್ತಿ ಆಯ್ತೇನೋ ಮೊರಾಗ್. ಆ ಹಸುಗಳ ಮಾತು ತೆಗ್ದುಬಿಡ್ಲಾ?” ಎಂದು ನನ್ನನ್ನು ಕೇಳಿದ.

ನಾನೂ ಇದೇ ಸೀಮೆಯವಳು, ತಮ್ಮ ಪಾದಗಳನ್ನು ಹಿಡಿದು ಹೇಳುತ್ತೇನೆ, ನನಗೂ ಅದು ಸ್ವಲ್ಪ ಜಾಸ್ತಿಯೇ ಅನ್ನಿಸಿತ್ತು. “ಇರ್ಲಿ ಬಿಡು, ಒಂದ್ಸಲ ತಾನೇ” ಎಂದೆ. ತಾವು ಅದನ್ನು ಓದಿ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಟ್ಟಿರಿ: ‘ಉದ್ಯೋಗದಾತರ ಅಭಿಪ್ರಾಯ ಅತೃಪ್ತಿಕರ. ಅಂಕ ಸೊನ್ನೆ. ನಿಮ್ಮ ದಿನ ಶುಭವಾಗಿರಲಿ.’ ತಮ್ಮ ಶುಭಾಶಯಕ್ಕೆ ಕೃತಜ್ಞತೆಗಳು. ಆ ದಿನ ಶುಭವಾಗಿರಲಿಲ್ಲ.

ತಪ್ಪು ನಮ್ಮ ಕಡೆಯದಷ್ಟೇ ಎಂದು ತಾವು ಭಾವಿಸಬಾರದೆಂದು ಇದನ್ನೂ ಸೇರಿಸುತ್ತೇನೆ. ತಮ್ಮ ಕಚೇರಿಯಿಂದ ರೊಡೆಲ್‌ಗೂ ಫೋನು ಬಂದಿತ್ತು, ಹಿಂಡಿನ ಜವಾಬ್ದಾರಿ ಯಾರದು ಎಂದು ಕೇಳಿದ್ದರು. ಅವನ ಊರಿನಲ್ಲಿ ಯಜಮಾನನನ್ನು ಪಕ್ಕಕ್ಕಿಟ್ಟು ನಾನೇ ಮಾಡಿದೆ ಎನ್ನುವವನನ್ನು ಯಾರೂ ಊಟಕ್ಕೆ ಕರೆಯುವುದಿಲ್ಲವಂತೆ. ಆದ್ದರಿಂದ ಅವನು, “ಎಲ್ಲಾ ನಮ್ ಬಾಸ್‌ದೇ ಸರ್, ನಾನೇನ್ ಮಾಡ್ತೀನಿ, ಸುಮ್ನೆ ಜೊತೇಲಿರ್ತೀನಿ ಅಷ್ಟೇ” ಎಂದು ಬಾಯಿತುಂಬಾ ಹೇಳಿ, ಒಳ್ಳೆಯ ಮಾತಾಡಿದೆನೆಂದು ಖುಷಿಯಿಂದ ಫೋನು ಇಟ್ಟ. ಹೊಗಳಲು ಬಾರದ ಯಜಮಾನ ಒಂದು ಕಡೆ, ಹೊಗಳಿಸಿಕೊಳ್ಳಲು ಬಾರದ ಕೆಲಸಗಾರ ಇನ್ನೊಂದು ಕಡೆ. ನಡುವೆ ಸಿಕ್ಕಿಕೊಂಡ ತಮ್ಮ ಮೇಲೆ ನನಗೆ ಒಂದು ಗಳಿಗೆ ಕರುಣೆಯೂ ಹುಟ್ಟಿತು. ಒಂದೇ ಗಳಿಗೆ.

ಮರುಪರಿಶೀಲನೆಗೆ ಇನ್ನೊಂದು ಪತ್ರ ಕಳಿಸಬಹುದು ಎಂದು ಕೆಳಗೆ ಸಣ್ಣಕ್ಷರದಲ್ಲಿ ಬರೆದಿದ್ದಿರಿ. ಆದ್ದರಿಂದ ನಾನು ಡಂಕನ್‌ಗೆ ಹೊಗಳುವುದನ್ನು ಕಲಿಸುವುದೆಂದು ತೀರ್ಮಾನಿಸಿದೆ. ಸುಲಭವಾಗಲೆಂದು ನಾಯಿಯಿಂದ ಶುರುಮಾಡಿದೆವು.

ಡಂಕನ್ ನಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು, “ಬ್ರಿಗ್, ನೀನು... ನಾಯಿ” ಎಂದ.

“ಮುಂದೆ ಹೇಳು” ಎಂದೆ.

“ಇನ್ನೇನ್ ಹೇಳ್ಲಿ? ನಾಯೀನೇ ತಾನೇ?”

ಬ್ರಿಗ್ ಮಾತ್ರ ಬಾಲ ಆಡಿಸಿತು, ಅಷ್ಟಕ್ಕೇ ಅದಕ್ಕೆ ಜನ್ಮ ಸಾರ್ಥಕವಾಗಿತ್ತು. ಇದಾಗಿ ಕೆಲವು ದಿನಗಳ ಮೇಲೆ, ಸಂಜೆ ಊಟಕ್ಕೆ ಕೂತಿದ್ದಾಗ, ಡಂಕನ್ ಕಿಟಕಿಯ ಕಡೆ ತಿರುಗಿಕೊಂಡು, ಯಾರೋ ಗಂಟಲು ಹಿಸುಕುತ್ತಿರುವ ದನಿಯಲ್ಲಿ, “ಮೊರಾಗ್, ಸೂಪು ಚೆನ್ನಾಗಿದೆ” ಎಂದ. ನನ್ನ ಕೈಯ ಚಮಚ ಕೆಳಗೆ ಬಿತ್ತು. ಅಭ್ಯಾಸದ ವಿಷಯ ನನಗೆ ಮರೆತೇಹೋಗಿ, ಇವನಿಗೆ ಏನೋ ದೊಡ್ಡ ಕಾಯಿಲೆಯಿದೆ, ನನ್ನಿಂದ ಮುಚ್ಚಿಟ್ಟಿದ್ದಾನೆ ಎಂದು ಎದೆ ಧಸಕ್ಕೆಂದಿತು. ಮರುದಿನ ಬೆಳಿಗ್ಗೆಯೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಏನಾಯಿತೆಂದು ಕೇಳಿದ ಡಾಕ್ಟರಿಗೆ, “ಸೂಪು ಚೆನ್ನಾಗಿದೆ ಅಂದ್ಬಿಟ್ರು ಡಾಕ್ಟ್ರೇ” ಎಂದೆ. ಡಾಕ್ಟರೂ ನಮ್ಮ ಸೀಮೆಯವರೇ. ಮುಖ ಗಂಭೀರ ಮಾಡಿಕೊಂಡು ರಕ್ತದೊತ್ತಡ ನೋಡಿದರು, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ತಲೆಗೇನಾದರೂ ಪೆಟ್ಟು ಬಿದ್ದಿತ್ತೇ ಎಂದೂ ಕೇಳಿದರು.

ಇದು ನನ್ನೊಬ್ಬಳಿಂದಾಗುವ ಕೆಲಸವಲ್ಲ ಎಂದು ಕಂಡು ಮೆರ್ಲಿ ಮುಂದೆ ಬಂದಳು. ಅವಳು ತನ್ನೂರಿನಲ್ಲಿ ಶಾಲೆಯ ಮೇಡಂ ಆಗಿದ್ದವಳು, ಮಾತಿನ ಮಲ್ಲಿ, ಸಿಕ್ಕಸಿಕ್ಕವರನ್ನೆಲ್ಲ ಅಕ್ಕ ಅಣ್ಣ ಮಾಡಿಕೊಂಡು ಕಾಲೆಳೆಯುವವಳು. ಹಾಲ್‌ನಲ್ಲಿ ಪಾಠ ಶುರುವಾಯಿತು. ಡಂಕನ್ ಒಬ್ಬನೇ ಹೋಗಲು ನಾಚಿಕೊಂಡದ್ದರಿಂದ ಜೊತೆಗೆಂದು ಊರಿನವರೆಲ್ಲ ಚೀಸ್ ರೋಲ್ ಕಟ್ಟಿಕೊಂಡು ಬಂದು ಕೂತರು.

“ಮೊದ್ಲು ಕಣ್ ನೋಡ್ಬೇಕು ಡಂಕನಣ್ಣ. ಬೂಟ್ ಯಾಕ್ ನೋಡ್ತಿದೀರ? ಬೂಟನ್ನಲ್ಲ ಹೊಗಳೋದು” ಎಂದು ಮೆರ್ಲಿ ಗದರುತ್ತಿದ್ದಳು. “ಈಗ ಹೇಳಿ, ಮೊರಾಗಕ್ಕನ ಸ್ವೆಟರ್ ಹೆಂಗಿದೆ?”

“ಬೆಚ್ಚಗಿರ್ಬೇಕು.”

“ಹಾಕ್ಕೊಂಡೋರ್ಗಲ್ಲ ಅಣ್ಣ, ನೋಡೋರಿಗೆ!”

“ನೋಡೋರ್ಗೆ ಹೆಂಗ್ ಬೆಚ್ಚಗಿರುತ್ತೆ?”

ನಕ್ಕು ನಕ್ಕು ನಮ್ಮ ಹೊಟ್ಟೆ ಹುಣ್ಣಾಗಿ ಹೋಯಿತು. ಮಾನ್ಯರೇ, ತಮ್ಮ ಒಂದು ಸಾಲಿನ ತಿದ್ದುಪಡಿ ಈ ಊರನ್ನು ಯಾವ ಸ್ಥಿತಿಗೆ ತಂದಿಟ್ಟಿತೆಂದು ತಾವು ಒಮ್ಮೆ ಬಂದು ನೋಡಬೇಕಿತ್ತು. ಕಟುಕರ ಅಂಗಡಿಯ ವಾಟಿಗೆ ಯಾರೋ ನಿನ್ನ ಸಾಸೇಜು ಬಹಳ ರುಚಿ ಎಂದುಬಿಟ್ಟರು. ಅವನು ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದು ಅಂದು ಅಂಗಡಿಗೆ ಬಂದವರಿಗೆಲ್ಲ ಒಂದೊಂದು ಸಾಸೇಜು ಹೆಚ್ಚಿಗೆ ಕಟ್ಟಿಕೊಟ್ಟ. ಪಾದ್ರಿಗಳ ಉಪದೇಶ ಮನಸ್ಸಿಗೆ ಮುಟ್ಟಿತು ಎಂದು ನಾಲ್ಕು ಜನ ಹೇಳಿದ್ದೇ ತಡ, ಮುಂದಿನ ಭಾನುವಾರ ಅವರು ನಿಲ್ಲಿಸುವ ಲಕ್ಷಣವೇ ಕಾಣದೆ ಹಲವರ ಮನೆಯಲ್ಲಿ ಒಲೆಗಿಟ್ಟು ಬಂದಿದ್ದ ಮಾಂಸ ಸೀದುಹೋಯಿತು. ರಗ್ಬಿ ತಂಡದ ಗುರುಗಳು ಹುಡುಗರಿಗೆ ಚೆನ್ನಾಗಿ ಆಡಿದಿರಿ ಎಂದರು. ಇವರು ರಾಜೀನಾಮೆ ಕೊಡುತ್ತಿದ್ದಾರೆಂದು ತಿಳಿದು ಹುಡುಗರು ಬೀಳ್ಕೊಡುಗೆಗೆ ಚಂದಾ ಎತ್ತಿದರು. ಗಂಡ ಹೆಂಡಿರು ಒಬ್ಬರನ್ನೊಬ್ಬರು ಅನುಮಾನದಿಂದ ನೋಡಲಾರಂಭಿಸಿದರು. ಒಟ್ಟಿನಲ್ಲಿ ಊರಿಗೆ ಊರೇ ಸಣ್ಣ ಅಮಲಿನಲ್ಲಿತ್ತು, ಅದಕ್ಕೆ ತಮಗೆ ನಾವು ಎಷ್ಟು ಋಣಿಗಳಾಗಿದ್ದರೂ ಕಡಿಮೆಯೇ.

ಕೊನೆಗೆ ಡಂಕನ್ ಎರಡನೆಯ ಪತ್ರ ಬರೆದ. ನಾನಾಗಲಿ ಮೆರ್ಲಿಯಾಗಲಿ ಒಂದಕ್ಷರ ಹೇಳಿಕೊಟ್ಟಿಲ್ಲ. ಅದು ತಮ್ಮಲ್ಲೇ ಇರಬೇಕು, ಆದರೂ ತಾವು ಓದಿದ್ದೀರಿ ಎಂಬ ನಂಬಿಕೆ ನನಗಿಲ್ಲದ್ದರಿಂದ ಇಲ್ಲಿ ಇನ್ನೊಮ್ಮೆ ಬರೆಯುತ್ತೇನೆ:

‘ಮೊದಲ ಪತ್ರದಲ್ಲಿ ಬರೆದದ್ದು ನಿಜ, ಸಣ್ಣದಾಗಿ ಬರೆದಿದ್ದೆ ಅಷ್ಟೆ. ರೊಡೆಲ್ ಬರುವ ಮೊದಲು ಕರು ಹಾಕುವ ಕಾಲದಲ್ಲಿ ನಾನು ಬೂಟು ಬಿಚ್ಚದೆ ಮಲಗುತ್ತಿದ್ದೆ. ಈಗ ಪೈಜಾಮ ಹಾಕಿಕೊಂಡು ಮಲಗುತ್ತೇನೆ. ಅವನು ಹೆಸರು ಹಿಡಿದು ಕರೆದರೆ ಹಸು ಬರುತ್ತದೆ. ನಾನು ಕರೆದರೆ ನಾಯಿಯೂ ಯೋಚನೆ ಮಾಡುತ್ತದೆ. ಕೆಚ್ಚಲು ಬಾವು ಬರುವ ಮೊದಲೇ ಹಸು ನಿಲ್ಲುವ ರೀತಿ ನೋಡಿ ಹೇಳುತ್ತಾನೆ. ನನಗೆ ಮಗನಿಲ್ಲ. ಇದ್ದಿದ್ದರೂ ಈ ಕೆಲಸವನ್ನು ಇಷ್ಟು ಪ್ರೀತಿಯಿಂದ ಮಾಡುತ್ತಿದ್ದನೋ ಇಲ್ಲವೋ. ಇವನು ಹೋದರೆ ನಾನು ಹಿಂಡನ್ನು ಮಾರಿಬಿಡುತ್ತೇನೆ.’

ಓದಿ ನಾನು ಅಡುಗೆಮನೆಯ ಬಟ್ಟೆಯಿಂದಲೇ ಮೂಗೊರೆಸಿಕೊಂಡೆ. ರೊಡೆಲ್‌ಗೆ ಅದನ್ನು ತೋರಿಸಿದಾಗ ಅವನು ಎದ್ದು ಹೋಗಿ, ಆಗಲೇ ತೊಳೆದಿದ್ದ ಹಾಲು ಕರೆಯುವ ಶೆಡ್ಡನ್ನು ಮತ್ತೆ ತೊಳೆಯತೊಡಗಿದ. ಇನ್ನೇನು ಆರನೆಯ ಅಂಕ ಬಂದೇಬಿಟ್ಟಿತೆಂದು ವಾಟಿ ಹಂದಿಯನ್ನೂ ಗೊತ್ತು ಮಾಡಿಟ್ಟ.

ತಾವು ಬರೆದಿರಿ: ‘ಒಂದೇ ಉದ್ಯೋಗದಾತರಿಂದ ಒಂದಕ್ಕೊಂದು ಹೊಂದದ ಎರಡು ಅಭಿಪ್ರಾಯಗಳು ಬಂದಿವೆ. ಎರಡನೆಯದನ್ನು ಉತ್ಪ್ರೇಕ್ಷೆ ಎಂದು ಪರಿಗಣಿಸಿ ಮೊದಲನೆಯದನ್ನೇ ಉಳಿಸಿಕೊಳ್ಳಲಾಗಿದೆ. ಈ ತೀರ್ಮಾನ ಅಂತಿಮ. ನಿಮ್ಮ ದಿನ ಶುಭವಾಗಿರಲಿ.’

ಉತ್ಪ್ರೇಕ್ಷೆ! ಸೌತ್‌ಲ್ಯಾಂಡಿನ ಗಂಡಸೊಬ್ಬನ ಮೇಲೆ ಈ ಆರೋಪ ಬಂದದ್ದು ಚರಿತ್ರೆಯಲ್ಲಿ ಇದೇ ಮೊದಲಿರಬೇಕು. ಆ ಪದವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋಣವೆಂದು ನಾನು ಡಂಕನ್‌ಗೆ ಹೇಳಿದೆ. ಅವನು ನಗಲಿಲ್ಲ. ಮೊದಲನೆಯ ಪತ್ರದಲ್ಲಿ ತಾನು ಇನ್ನೆರಡು ಸಾಲು ಬರೆದಿದ್ದರೆ ಎಂದು ಈಗಲೂ ಕೈ ಕೈ ಹಿಸುಕಿಕೊಳ್ಳುತ್ತಾನೆ, ಹಾಲು ಕರೆಯುವಾಗ ರೊಡೆಲ್ ಕಡೆ ನೋಡುವುದಿಲ್ಲ. ರೊಡೆಲ್ ಅವನಿಗೆ ಬೇಸರವಾಗಬಾರದೆಂದು ಇನ್ನಷ್ಟು ಜೋಕು ಹೇಳುತ್ತಾನೆ. ಇಬ್ಬರ ನಡುವೆ ನಿಂತ ಹಸುಗಳಿಗೆ ಏನೂ ತಿಳಿಯದೆ ಹಾಲು ಕಡಿಮೆಯಾಗಿದೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣಪುಟ್ಟ ವಿನಂತಿಗಳು. ಅಂಕವೊಂದನ್ನು ಕಡ ಕೊಡುವ ಪದ್ಧತಿ ತಮ್ಮಲ್ಲಿದ್ದರೆ, ಹಿಟ್ಟು ಸಕ್ಕರೆ ಕಡ ತರುವ ನಮ್ಮ ಅಭ್ಯಾಸಕ್ಕೆ ಅನುಗುಣವಾಗಿ, ನಾನೇ ಬಟ್ಟಲು ಹಿಡಿದು ತಮ್ಮ ಕಚೇರಿಗೆ ಬರಲು ಸಿದ್ಧಳಿದ್ದೇನೆ. ಇಡೀ ಅಂಕ ದುಬಾರಿಯೆನಿಸಿದರೆ ಜಿಯಾಳಿಗೆ ಅರ್ಧ ಕೊಡಿ. ಆ ಹುಡುಗಿ ನಮ್ಮವರ ಹಾಗೆಯೇ ‘ರ’ಕಾರವನ್ನು ನಾಲಿಗೆಯ ಮೇಲೆ ಉರುಳಿಸುತ್ತಾಳೆ, ಬೇಕಾದರೆ ಫೋನಿನಲ್ಲಿ ಕೇಳಿಸುತ್ತೇನೆ. ಇನ್ನರ್ಧವನ್ನು ಮೆರ್ಲಿಗೆ ಕೊಡಿ, ಅವಳ ದೆಸೆಯಿಂದ ಈ ಊರಿನಲ್ಲಿ ಎರಡು ಮುರಿದ ಮದುವೆಗಳು ಮತ್ತೆ ಕೂಡಿವೆ. ಅಡ್ಡ ತಿರುಗಿದ ಕರುಗಳನ್ನು ಉಳಿಸಿದ್ದಕ್ಕೆ ತಮ್ಮಲ್ಲಿ ಅಂಕವಿಲ್ಲವೆಂದು ಬಲ್ಲೆ. ಆ ಕರುಗಳೆಲ್ಲ ಈಗ ದೊಡ್ಡ ಹಸುಗಳಾಗಿವೆ, ಸಾಕ್ಷಿ ಹೇಳಲು ತಮ್ಮ ಕಚೇರಿಯ ಮೆಟ್ಟಿಲವರೆಗೆ ಲಾರಿಯಲ್ಲಿ ಕರೆತರಬಲ್ಲೆವು. ಇಳಿಸಿದ ಮೇಲೆ ಅವು ಎಲ್ಲಿ ಹೋಗುತ್ತವೆ, ಏನು ಮಾಡುತ್ತವೆ ಎಂಬುದಕ್ಕೆ ಮಾತ್ರ ನಾವು ಹೊಣೆಯಲ್ಲ.

ಇವೆಲ್ಲ ಆಗದ ಮಾತೆಂದರೆ, ನಮ್ಮ ಊರಿನವರು ತಮ್ಮ ತಮ್ಮ ಅಂಕಗಳಲ್ಲಿ ಒಂದನ್ನು ರೊಡೆಲ್‌ಗೆ ದಾನ ಮಾಡಲು ಮುಂದೆ ಬಂದಿದ್ದಾರೆ. ದಾನ ಮಾಡುವ ಮೊದಲು ಎಷ್ಟಿದೆ ಎಂದು ತಿಳಿಯಬೇಕಲ್ಲ. ಕಳೆದ ಶನಿವಾರ ಹಾಲ್‌ನಲ್ಲಿ ತಮ್ಮ ಪರದೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬಿಟ್ಟುಕೊಂಡು, ಒಬ್ಬೊಬ್ಬರಾಗಿ ಬಂದು ತಮ್ಮ ಪ್ರಶ್ನೆಗಳಿಗೆ ಉತ್ತರ ಕೊಟ್ಟೆವು. ಜಾತ್ರೆಯ ತೂಕದ ಯಂತ್ರದ ಮುಂದೆ ನಿಲ್ಲುವವರ ಹಾಗೆ ಎಲ್ಲರಿಗೂ ಉತ್ಸಾಹ. ವಾಟಿಗೆ ಒಂದು ಬಂತು. ಡಾಕ್ಟರಿಗೆ ಆರು ದಾಟಿತು, ಆದರೆ ಅವರು ಅದರಲ್ಲಿ ಒಂದನ್ನು ತೆಗೆಯಲು ಹೋದಾಗ ತಮ್ಮಲ್ಲಿ ಅದಕ್ಕೆ ಗುಂಡಿಯೇ ಇರಲಿಲ್ಲ. ಪಾದ್ರಿಗಳು ದೇವರ ಕೆಲಸಕ್ಕೆ ಮೀಸಲು ಅಂಕವೇನಾದರೂ ಇದೆಯೇ ಎಂದು ಎರಡು ಸಲ ಹುಡುಕಿದರು. ನನಗೆ ವಯಸ್ಸು ಮೀರಿದೆ ಎಂದಿರಿ; ಹೆಂಗಸಿಗೆ ಸಭೆಯಲ್ಲಿ ಈ ಮಾತು ಹೇಳುವ ಧೈರ್ಯ ಇದುವರೆಗೆ ಯಾರಿಗೂ ಬಂದಿರಲಿಲ್ಲ.

ಡಂಕನ್ ಎಲ್ಲರ ಕೊನೆಗೆ ಎದ್ದ. ಓದು ಹದಿನೈದನೆಯ ವರ್ಷಕ್ಕೇ ನಿಂತಿತ್ತು, ಯಾವ ಪದವಿಯೂ ಇಲ್ಲ, ಸಂಬಳ ಕೊಡುವವರಿಲ್ಲ, ವಯಸ್ಸು ಕೇಳುವುದೇ ಬೇಡ. ಗೋಡೆಯ ತುಂಬಾ ದೊಡ್ಡದೊಂದು ಸೊನ್ನೆ ಬಂತು. ಹಾಲ್‌ನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು, ರೊಡೆಲ್ ಕೂಡ. ಡಂಕನ್ ಮಾತ್ರ ಆ ಸೊನ್ನೆಯನ್ನೇ ನೋಡುತ್ತಾ ನಿಂತಿದ್ದ. ನಗು ತಾನಾಗಿ ನಿಂತಿತು.

“ನಂಗೆ ಸೊನ್ನೆ. ಅವ್ನಿಗೆ ಐದು” ಎಂದ. “ಮತ್ತೆ ಅವ್ನ್ಯಾಕೆ ಹೋಗ್ಬೇಕು?”

ಪರದೆಗೆ ಬೆನ್ನು ಹಾಕಿ ನಮ್ಮ ಕಡೆ ತಿರುಗಿದ.

“ಯಾರಾದ್ರೂ ಒಬ್ರು ಹೋಗ್ಲೇಬೇಕು ಅಂದ್ರೆ ನಾನ್ ಹೋಗ್ತೀನಿ. ಹಸು ಅವ್ನ್ ಹತ್ರ ಇರ್ಲಿ. ಅವ್ನಿಗೆ ನನ್ಗಿಂತ ಚೆನ್ನಾಗ್ ಬರತ್ತೆ.”

ಅಭ್ಯಾಸ ಮಾಡಿದ ಮಾತಲ್ಲ ಅದು. ಬೂಟು ನೋಡದೆ, ನೇರ ರೊಡೆಲ್‌ನ ಮುಖ ನೋಡಿ ಹೇಳಿದ. ಮೆರ್ಲಿ ಬಾಯಿಗೆ ಕೈ ಅಡ್ಡ ಹಿಡಿದಳು. ರೊಡೆಲ್ ಎಂದಿನಂತೆ ಜೋಕು ಮಾಡಲು ನೋಡಿದ. “ಏನ್ ಬಾಸ್ ನೀವು, ಪೇಟೆಗ್ ಹೋದ್ರೇ ಹಾಲ್ ಕರೆಯೋ ಹೊತ್ತಿಗೆ ಓಡಿ ಬರ್ತೀರ. ನೀವೆಲ್ಲಿ ದೇಶ ಬಿಟ್...” ಎನ್ನುವಷ್ಟರಲ್ಲಿ ಅವನ ದನಿ ಒಡೆಯಿತು. ನಾನು ನನ್ನ ಗಂಡನನ್ನು ಹೊಸಬನನ್ನು ನೋಡುವಂತೆ ನೋಡಿದೆ. ಹುಟ್ಟಿದ ಮಣ್ಣು ಬಿಟ್ಟು ಆಚೆ ಒಂದು ರಾತ್ರಿ ಕಳೆಯಲು ಗೊಣಗುವ ಮನುಷ್ಯ ತಮಾಷೆಗೆ ಇಂಥ ಮಾತು ಹೇಳುವುದಿಲ್ಲ. ನನಗೆ ಅವನ ಮೇಲೆ ಹೆಮ್ಮೆಯಾಯಿತು, ತಮ್ಮ ಮೇಲೆ ಹೊಸದಾಗಿ ಸಿಟ್ಟು ಬಂತು.

ಆದುದರಿಂದ, ಮಾನ್ಯರೇ, ನಮ್ಮ ಕೊನೆಯ ಕೋರಿಕೆ ತಮ್ಮದೇ ಲೆಕ್ಕದ ಮೇಲೆ ನಿಂತಿದೆ. ಐದು ಅಂಕದವನನ್ನು ಕಳಿಸಿ ಸೊನ್ನೆಯವನನ್ನು ಇಟ್ಟುಕೊಳ್ಳುವುದು ದೇಶಕ್ಕೆ ಐದು ಅಂಕದ ನಷ್ಟವೆಂದು ಒಂದನೆಯ ತರಗತಿಯ ಮಗುವೂ ಹೇಳೀತು. ಕೂಡಿಸಿ ಕಳೆಯುವುದೇ ಕಸುಬಾಗಿರುವ ತಮಗೆ ನಾನೇನು ಹೇಳಲಿ? ಈ ಕೂಡಲೇ ರೊಡೆಲ್, ಮೆರ್ಲಿ ಮತ್ತು ಜಿಯಾಳಿಗೆ ನಿವಾಸ ವೀಸಾ ಕೊಟ್ಟು, ಅವರ ಬದಲಿಗೆ ನನ್ನ ಗಂಡನನ್ನು ಹೊರಗೆ ಕಳಿಸಲು ಆಜ್ಞೆಯಾಗಬೇಕು. ನನ್ನನ್ನೂ ಜೊತೆಗೆ ಸೇರಿಸಿಕೊಳ್ಳತಕ್ಕದ್ದು. ಸೂಪು ಚೆನ್ನಾಗಿದೆ ಎನ್ನುವ ಗಂಡ ಈ ವಯಸ್ಸಿನಲ್ಲಿ ಸಿಕ್ಕಿದ್ದಾನೆ, ಅವನನ್ನು ಒಬ್ಬನೇ ಕಳಿಸಲು ನನಗೆ ಮನಸ್ಸಿಲ್ಲ. ಕರು ಹಾಕುವ ಕಾಲ ಹತ್ತಿರ ಬಂತು, ಬೇಗ ತೀರ್ಮಾನವಾದರೆ ಹಸುಗಳಿಗೂ ಅನುಕೂಲ.

ತಮ್ಮ ಪರದೆ ಸದಾ ಬೆಳಗುತ್ತಿರಲಿ ಎಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ (ತಮಗೆ ನಮ್ಮ ಮೇಲೆ ವಿಶ್ವಾಸವಿಲ್ಲದಿದ್ದರೂ),
ಮೊರಾಗ್ ಡ್ರೈಸ್‌ಡೇಲ್
ಗ್ಲೆನ್‌ಕಾರಿ

ತಾ.ಕ.: ಡಂಕನ್ ಎಲ್ಲಿಗೆ ಹೋಗುತ್ತಾನೆ ಎಂದು ತಾವು ಕೇಳಬಹುದು, ತಾವು ಎಲ್ಲವನ್ನೂ ಕೇಳುವವರು. ಅವನ ಮುತ್ತಜ್ಜ ಹಡಗು ಹತ್ತಿ ಬಂದ ದೇಶವನ್ನು ಮೊದಲು ವಿಚಾರಿಸಿದೆವು. ಅಲ್ಲಿಯೂ ತಮ್ಮ ಅಣ್ಣತಮ್ಮಂದಿರು ಯಾರೋ ಕೂತಿದ್ದಾರೆ, ಅಲ್ಲಿಯೂ ಅವನಿಗೆ ಬಾಗಿಲು ಮುಚ್ಚಿದೆ. ಆಮೇಲೆ ಮೆರ್ಲಿ ಇಲೋಯಿಲೋದಲ್ಲಿರುವ ತನ್ನ ತಾಯಿಗೆ ಫೋನು ಮಾಡಿ, ಹೀಗ್ಹೀಗೆ, ಇಬ್ಬರು ಮುದುಕರು, ಬಂದು ಇರಬಹುದೇ ಎಂದು ಕೇಳಿದಳು. ಆ ತಾಯಿ, “ಬರ್ಲಿ ಬಿಡೇ, ಹಿಂದಿನ ಕೋಣೆ ಖಾಲಿ ಇದೆ. ಮೀನು ತಿಂತಾರಾ?” ಎಂದರು. ತಿನ್ನುತ್ತಾರೆ ಎಂದಳು ಮೆರ್ಲಿ. ಅಲ್ಲಿಗೆ ಪರಿಶೀಲನೆ ಮುಗಿಯಿತು. ತಮಗೇನಾದರೂ ಆ ತಾಯಿಯ ಹತ್ತಿರ ಸ್ವಲ್ಪ ದಿನ ಇದ್ದು ಕೆಲಸ ಕಲಿಯುವ ಮನಸ್ಸಿದ್ದರೆ ದಯಮಾಡಿ ತಿಳಿಸಿ, ಹಿಂದಿನ ಕೋಣೆಯಲ್ಲಿ ಕರೆಂಟಿನ ಪ್ಲಗ್ಗು ಇದೆಯಂತೆ.